ಎಡೆಗಿಂತ ಮೊದಲಿನ ತುತ್ತು

ನಮ್ಮ ಅತ್ತೆಯ ಮೈಮೇಲೆ ಆ ದಿನ ಯಾವ ಹಿರಿಯರೂ ಬಂದಿರಲಿಲ್ಲ. ಅವರಿಗೆ ಶುಗರ್ ಇಳಿದಿತ್ತು. ಮೂರು ವರ್ಷದಿಂದ ಊರಿನ ಹೆಂಗಸರಿಗೆ ಇಷ್ಟನ್ನೇ ಹೇಳುತ್ತಿದ್ದೇನೆ. ತಲೆಯಾಡಿಸಿ ಕೇಳುತ್ತಾರೆ, ಮನೆಗೆ ಹೋಗಿ ಬೇರೆಯದನ್ನೇ ಹೇಳುತ್ತಾರೆ. ಅದಕ್ಕೇ ಬರೆಯಲು ಕೂತೆ. ನನಗೆ ದೇವರ ಮೇಲೆ ಸಿಟ್ಟಿಲ್ಲ. ದಿನಾ ದೀಪ ಹಚ್ಚುವವಳು ನಾನು, ಸೋಮವಾರದ ಒಪ್ಪೊತ್ತು ಬಿಟ್ಟವಳಲ್ಲ. ಸಿಟ್ಟಿರುವುದು ಮನುಷ್ಯರ ಮೇಲೆ. ಅವರಲ್ಲಿ ನಾನೂ ಒಬ್ಬಳು.

ಅವತ್ತು ಮಹಾಲಯ ಅಮಾವಾಸ್ಯೆ. ಬಳ್ಳಿಗಾವಿ ಹತ್ತಿರದ ನಮ್ಮ ಮನೆಯಲ್ಲಿ ಹಿರಿಯರ ಹಬ್ಬ ಎಂದರೆ ತೀರಿಕೊಂಡ ಮಾವನವರ ಫೋಟೋದ ಮುಂದೆ ಹೊಸ ಪಂಚೆ ಇಟ್ಟು, ಬಾಳೆಲೆ ತುಂಬ ಎಡೆ ಬಡಿಸಿ, ಹಿರಿಮಗ ಪೂಜೆ ಮಾಡಬೇಕು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಒಂದು ಅಗುಳು ಬಾಯಿಗೆ ಹಾಕುವಂತಿಲ್ಲ. ಅಡಿಗೆಯ ಉಪ್ಪು ನೋಡುವಂತೆಯೂ ಇಲ್ಲ. ಆ ಕಟ್ಟಳೆ ನನಗೆ ಯಾವತ್ತೂ ಭಾರವೆನಿಸಿಲ್ಲ. ಸೊರಬದ ಕಡೆಯ ನನ್ನ ತವರಲ್ಲೂ ಹಾಗೆಯೇ. ಆದರೆ ಅಲ್ಲಿ ನಮ್ಮಪ್ಪ ಎಂಟೂವರೆಗೆಲ್ಲ ಎಡೆ ಹಾಕಿ ಮುಗಿಸುತ್ತಿದ್ದರು. ಮನೆಯಲ್ಲಿ ಮಕ್ಕಳು ಹಸಿದು ಅಳುವಾಗ ಹಿರಿಯರಿಗೆ ಊಟ ಸೇರುವುದಿಲ್ಲ ಎನ್ನುತ್ತಿದ್ದರು.

ಹಿರಿಮಗ, ಅಂದರೆ ನಮ್ಮ ಭಾವ, ಇರುವುದು ಶಿಕಾರಿಪುರದಲ್ಲಿ. ಒಂಬತ್ತಕ್ಕೆ ಬರುತ್ತೇನೆ ಎಂದಿದ್ದರು. ಆ ಮಾತು ನಂಬಿ ಏಳೂವರೆಗೆ ಅತ್ತೆಗೆ ಶುಗರ್ ಮಾತ್ರೆ ಕೊಟ್ಟವಳು ನಾನೇ. ಹಿಂದಿನ ರಾತ್ರಿಯೂ ಅವರು ಕುಡಿದದ್ದು ಬರೀ ಹಾಲು. ಮಾತ್ರೆಯೇನು ಅನ್ನವಲ್ಲವಲ್ಲ, ನುಂಗಿದರೆ ಉಪವಾಸ ಕೆಡುವುದಿಲ್ಲ ಎಂಬುದು ಅವರ ನಂಬಿಕೆ. ನಮ್ಮ ಕೇರಿಯ ಮುದುಕಿಯರೆಲ್ಲರ ನಂಬಿಕೆಯೂ ಅದೇ. ಅನ್ನ ಬಿಟ್ಟ ದಿನವೂ ಮಾತ್ರೆ ಬಿಡುವುದಿಲ್ಲ. ನಾನು ಹತ್ತನೇ ಕ್ಲಾಸು ಓದಿದವಳು, ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಒಂಬತ್ತಾಯಿತು, ಹತ್ತೂವರೆಯಾಯಿತು. ಫೋನ್ ಮಾಡಿದರೆ ಭಾವ ಹೊರಟಿದ್ದೇನೆ ಎಂದರು. ನೀವೇ ಪೂಜೆ ಮಾಡಿಬಿಡಿ ಎಂದು ನಮ್ಮನೆಯವರಿಗೆ ಹೇಳಿದೆ. ಅಣ್ಣ ಇರುವಾಗ ತಾನು ಕೈ ಹಾಕಿದರೆ ಚೆನ್ನಾಗಿರುವುದಿಲ್ಲ ಎಂದು ಅವರು ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಹುಲ್ಲು ಹಾಕಿದರು. ಎಮ್ಮೆಗಾದರೂ ಹೊಟ್ಟೆ ತುಂಬಿತು.

ಹನ್ನೊಂದೂವರೆಯ ಹೊತ್ತಿಗೆ, ಎಡೆಯ ಎದುರು ಕಂಬಕ್ಕೊರಗಿ ಕೂತಿದ್ದ ಅತ್ತೆ ನಡುಗತೊಡಗಿದರು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಇಳಿಯಿತು. ಕಣ್ಣು ಎಲ್ಲೋ ನೆಟ್ಟಿತ್ತು. ದಪ್ಪ ದನಿಯಲ್ಲಿ ತೊದಲುತ್ತ, "ಗದ್ದೆಗೆ ನೀರು ಬಿಟ್ರೇನ್ರೋ?" ಎಂದರು. ಮಾವ ಬದುಕಿದ್ದಾಗ ದಿನಾ ಕೇಳುತ್ತಿದ್ದ ಮಾತು ಅದು.

ತಮ್ಮ ಮನೆಯ ಎಡೆ ಮುಗಿಸಿ ಹೋಳಿಗೆ ಕೊಡಲು ಬಂದಿದ್ದ ಪಕ್ಕದ ಮನೆಯ ದೊಡ್ಡಮ್ಮ ಬಾಗಿಲಲ್ಲೇ ಕೈಮುಗಿದರು.

"ಬಂದಾರೆ ಕಣ್ರಪ್ಪಾ, ಯಜಮಾನ್ರು ಬಂದಾರೆ."

ನಮ್ಮನೆಯವರು ಓಡಿಬಂದು ಕೈಕಟ್ಟಿ ನಿಂತರು. ಏನು ತಪ್ಪಾಗಿದೆ ಹೇಳಪ್ಪ ಎಂದು ಹೆತ್ತ ತಾಯಿಯನ್ನೇ ಕೇಳಿದರು. ದೊಡ್ಡಮ್ಮ ಊದಿನಕಡ್ಡಿ ಹಚ್ಚುತ್ತ, "ಕೆರೆ ಕೆಳಗಿನ ಗದ್ದೆ ಪಹಣಿ ಯಾರ ಹೆಸರಿಗೆ ಅಂತ ಕೇಳಪ್ಪ, ಹಿಂಗೆ ಬಂದಾಗ್ಲೇ ಕೇಳ್ಬೇಕು" ಎಂದರು. ಮುದುಕಿ ಎದುರಿಗೆ ಸಾಯುತ್ತಿದ್ದಳು, ಇವರಿಗೆ ಪಹಣಿ.

ನಾನೂ ಕೈಮುಗಿದೆ, ಸುಳ್ಳು ಹೇಳುವುದಿಲ್ಲ. ಬಗ್ಗಿ ಪಾದ ಮುಟ್ಟಿದೆ. ಪಾದ ತಣ್ಣಗಿತ್ತು, ಒದ್ದೆಯಾಗಿತ್ತು. ಆಗ ನೆನಪಾಯಿತು. ಶುಗರಿನವರು ತಣ್ಣಗೆ ಬೆವೆತು ಏನೇನೋ ಮಾತಾಡಿದರೆ ತಡಮಾಡದೆ ಸಿಹಿ ಕೊಡಿ ಎಂದು ಆಶಾ ಕಾರ್ಯಕರ್ತೆ ಹಿಂದೊಮ್ಮೆ ಹೇಳಿ ಹೋಗಿದ್ದಳು. ಕೈಗೆಟುಕುವಲ್ಲಿ ಇದ್ದದ್ದು ಎಡೆಯ ಪಾಯಸದ ಬಟ್ಟಲು. ಎತ್ತಿಕೊಂಡೆ. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದರು, ಕೊಡವಿದೆ. ಅತ್ತೆಯ ತಲೆಯನ್ನು ಎದೆಗಾನಿಸಿಕೊಂಡು ಚಮಚ ಚಮಚವಾಗಿ ಕುಡಿಸಿದೆ.

ಆ ಹೊತ್ತಿನ ಉಪಕಾರಗಳನ್ನು ಈಗಲೂ ದೇವರ ಮುಂದೆ ನೆನೆಯುತ್ತೇನೆ. ಅತ್ತೆಯ ಹಲ್ಲು ಕಚ್ಚಿಕೊಂಡಿರಲಿಲ್ಲ. ಗುಟುಕು ನುಂಗುವಷ್ಟು ಎಚ್ಚರವಿತ್ತು. ಪಾಯಸ ಆರಿತ್ತು; ಭಾವ ತಡಮಾಡಿದ್ದರಿಂದ ಆದ ಒಂದೇ ಪ್ರಯೋಜನ ಅದು.

ಕಾಲು ಗಂಟೆಗೆ ಅತ್ತೆಯ ಕಣ್ಣು ತಿಳಿಯಾಯಿತು. ಎಲ್ಲರೂ ಯಾಕೆ ಹೀಗೆ ನಿಂತಿದ್ದೀರಿ ಎಂದು ಕೇಳಿದರು. ಆಗ ಬಂದರು ಭಾವ, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು. ದಾರಿಯಲ್ಲಿ ಸ್ನೇಹಿತರು ಬಿಡಲಿಲ್ಲವಂತೆ. ಆ ಸ್ನೇಹಿತರ ಮನೆಯ ಎಡೆ ಆಗಿತ್ತಂತೆ, ಭಾವ ಅಲ್ಲೇ ಎರಡು ಹೋಳಿಗೆ ತಿಂದು ಬಂದಿದ್ದರು. ಅವರು ಮೊದಲು ನೋಡಿದ್ದು ತಾಯಿಯನ್ನಲ್ಲ, ಖಾಲಿ ಬಟ್ಟಲನ್ನು.

"ಎಡೆ ಮುಟ್ಟಿದ್ದು ಯಾರು?"

"ನಾನು."

"ಸೊರಬದ ಕಡೆ ಹಿಂಗೇ ಏನು, ಹಿರೇರಿಗಿಂತ ಮೊದ್ಲು ಬಾಯಿ ಹಾಕೋದು?"

"ನಮ್ಮ ಕಡೆ ತಾಯಿ ಬಿದ್ದಿದ್ರೆ ಮೊದ್ಲು ತಾಯಿನ ನೋಡ್ತಾರೆ ಭಾವ. ನಿಮ್ಮ ಬಾಯಿ ಎಂತಕ್ಕೆ ಕೆಂಪಗಿದೆ?"

ಮದುವೆಯಾಗಿ ಬಂದ ಮೇಲೆ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಅಂಗಳಕ್ಕೆ ಹೋಗಿ ಎಲೆಯಡಿಕೆ ಉಗಿದು ಬಂದರು. ಎಡೆ ಮೈಲಿಗೆಯಾಯಿತು, ಮತ್ತೆ ಅಡಿಗೆಯಾಗಲಿ ಎಂದರು. ಮತ್ತೆ ಮಾಡಿದೆ. ಸಂಜೆ ಅತ್ತೆಯನ್ನು ಡಾಕ್ಟರಿಗೆ ತೋರಿಸಿದಾಗ, ಮಾತ್ರೆ ಕೊಟ್ಟು ಊಟ ಕೊಡದೆ ಕೂರಿಸಿದ್ದಕ್ಕೆ ಅವರು ನನಗೆ ಬೈದರು. ಆ ದಿನ ನನಗೆ ಸಲ್ಲಬೇಕಾಗಿದ್ದ ಬೈಗುಳ ಅದೊಂದೇ, ತಲೆತಗ್ಗಿಸಿ ಕೇಳಿಸಿಕೊಂಡೆ.

ಊರು ಹೇಳುವುದು ಬೇರೆ. ಮಾವ ಬಂದಿದ್ದರಂತೆ, ಏನೋ ಹೇಳುವುದಿತ್ತಂತೆ, ಕಿರಿಸೊಸೆ ಬಾಯಿಗೆ ಪಾಯಸ ತುರುಕಿ ಕಳಿಸಿಬಿಟ್ಟಳಂತೆ. ಇದು ಅತ್ತೆಯ ಕಿವಿಗೂ ಬಿತ್ತು. ಒಂದು ದಿನ ಅವರೇ ನನ್ನನ್ನು ಕರೆದು, "ಅವ್ರು ನನ್ನ ಬಗ್ಗೆ ಏನಾರ ಅಂದ್ರೇನೇ?" ಎಂದು ಮೆಲ್ಲಗೆ ಕೇಳಿದರು. ಇಲ್ಲ ಅತ್ತೆ, ಗದ್ದೆಗೆ ನೀರು ಬಿಟ್ಟರಾ ಎಂದಿರಿ, ಅಷ್ಟೇ ಎಂದೆ. ಅವರ ಮುಖ ಸಣ್ಣದಾಯಿತು. ಊರಿನ ಬಾಯಿಯನ್ನು ನಾನು ಕ್ಷಮಿಸದೆ ಇರುವುದು ಆ ಮುಖಕ್ಕಾಗಿ.

ಈ ವರ್ಷದ ಅಮಾವಾಸ್ಯೆಗೂ ಭಾವ ಫೋನ್ ಮಾಡಿ ಸ್ವಲ್ಪ ತಡ ಎಂದರು. ನಾನು ಯಾರನ್ನೂ ಕೇಳಲಿಲ್ಲ. ಬೆಳಗ್ಗೆ ಎಂಟಕ್ಕೆ ಹಿತ್ತಿಲ ಒಲೆಯಲ್ಲಿ ಬೇರೆಯಾಗಿ ಎರಡು ರೊಟ್ಟಿ ಸುಟ್ಟು, ಪಲ್ಯ ಹಾಕಿ, ತಟ್ಟೆಯನ್ನು ಮಾತ್ರೆಯ ಜೊತೆಗೇ ಅತ್ತೆಯ ಮುಂದಿಟ್ಟೆ.

"ಅವ್ರಿಗಿಂತ ಮೊದ್ಲು ನಾನು ಹೆಂಗ್ ತಿನ್ಲೇ?"

"ಮಾವ ಇದ್ದಾಗ ನಿಮ್ಮನ್ನ ಹಿಂಗೆ ಉಪವಾಸ ಕೆಡವ್ತಿದ್ರಾ ಅತ್ತೆ?"

ಅವರು ತಟ್ಟೆಯನ್ನು ಅತ್ತ ಸರಿಸಿದರು.

"ಕೆಡವ್ತಿರ್ಲಿಲ್ಲ ಅಂತ ನಿಂಗ್ಯಾರು ಹೇಳಿದ್ರು? ಅವ್ರು ಗದ್ದೆಯಿಂದ ಬಂದು ಉಣ್ಣೋ ತನಕ ನಾನು ಯಾವತ್ತು ಉಂಡೀನಿ?"

ದೂರಿನ ದನಿಯಲ್ಲಿ ಹೇಳಲಿಲ್ಲ, ಮಳೆ ಬಂತು ಎನ್ನುವ ಹಾಗೆ ಹೇಳಿದರು. ತಟ್ಟೆ ಎಳೆದುಕೊಂಡರು. ಫೋಟೋಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ, ತಮ್ಮ ಮನೆಯಲ್ಲೇ ಕದ್ದು ತಿನ್ನುವವರ ಹಾಗೆ ಬೇಗ ಬೇಗ ತಿಂದರು. ಅದನ್ನು ನೋಡಿ ನನಗೆ ಮತ್ತೆ ಸಿಟ್ಟು ಬಂತು. ಹಿತ್ತಿಲಿಗೆ ಹೋಗಿ ಇನ್ನೊಂದು ರೊಟ್ಟಿ ತಟ್ಟಿದೆ.