ಮೊನ್ನೆಯ ಸಾರು

ಮೊನ್ನೆ ಶನಿವಾರ ಬೆಳಿಗ್ಗೆ ತಮ್ಮನ ಮನೆಯ ಅಡುಗೆಕೋಣೆಯ ಮೇಲಿನ ಹಲಗೆ ಒರೆಸುತ್ತಿದ್ದೆ. ಡಬ್ಬಗಳ ಹಿಂದೆ ಒಂದು ಹಳೆಯ ರಮ್ಮಿನ ಬಾಟಲಿ ಸಿಕ್ಕಿತು. ಒಳಗೆ ರಸ್ತೆಗೆ ಹಾಕುವ ಟಾರಿನಂಥ ಕಪ್ಪು ದ್ರವ. ಮುಚ್ಚಳ ತೆಗೆದು ಮೂಸಿದೆ. ಒಲೆಯ ಹೊಗೆ, ಹಣ್ಣು, ಮೂಗಿನೊಳಗೇ ಇಳಿಯುವ ಹುಳಿ, ಎಲ್ಲ ಒಟ್ಟಿಗೆ ಬಂದವು. ಬಚ್ಚಲಿಗೆ ಸುರಿಯಲು ಹೊರಟವಳನ್ನು ತಮ್ಮನ ಮಗಳು ಕಾವ್ಯ ತಡೆದಳು.

"ಅತ್ತೆ, ಚೆಲ್ಲಬೇಡಿ. ಅದು ಕಾಚಂಪುಳಿ. ಅಮ್ಮಂದು."

ಕಾಚಂಪುಳಿ ನನಗೆ ಗೊತ್ತಿಲ್ಲದ್ದಲ್ಲ. ಕಾಡಿನ ಹುಳಿಹಣ್ಣಿನ ರಸವನ್ನು ಗಟ್ಟಿಯಾಗುವ ತನಕ ಕಾಯಿಸಿ ಕೊಡವರು ಮಾಡಿಡುವ ಹುಳಿ ಅದು. ಅವರು ಹಂದಿ ಮಾಂಸಕ್ಕೆ ಹಾಕುತ್ತಾರೆ. ನಾವು ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆ ನಿಂತವರು. ನಮ್ಮ ಹುಳಿ ಎಂದರೆ ಹುಣಸೆಹಣ್ಣು.

"ಇದನ್ನ ಯಾವುದಕ್ಕೆ ಹಾಕ್ತಿದ್ಲು ನಿಮ್ಮಮ್ಮ?"

"ಎಲ್ಲದಕ್ಕೂ. ಒಂದೊಂದ್ಸಲ ಯಾವುದಕ್ಕೂ ಇಲ್ಲ. ನಂಗೂ ಗೊತ್ತಿಲ್ಲ ಅತ್ತೆ."

ಇಂಥ ಉತ್ತರದಿಂದ ನನಗೆ ತಲೆ ಕೆಡುತ್ತದೆ. ನನ್ನ ಬದುಕಿನ ಬಹುಭಾಗ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಕಳೆಯಿತು. ಸೋಮವಾರ ಎಂದರೆ ಉಪ್ಪಿಟ್ಟು, ಮಂಗಳವಾರ ಇಡ್ಲಿ. ಬುಧವಾರ ಚಿತ್ರಾನ್ನ ಮಾಡಿದ ದಿನ ನಿಂಬೆಹಣ್ಣು ಸಾಲದೆ ಬಂದರೆ ನನಗೆ ಇಡೀ ವಾರವೇ ಓರೆಯಾದಂತೆ ಕಾಣುತ್ತಿತ್ತು. ಗಂಟೆ ಹೊಡೆದರೆ ತಟ್ಟೆ, ಇನ್ನೊಂದು ಗಂಟೆಗೆ ಕೈತೊಳೆಯುವುದು. ನಿವೃತ್ತಿಯಾದ ಮೇಲೂ ಉಪ್ಪಿನ ಚಮಚವನ್ನು ಚಾಕುವಿನಿಂದ ಸಮ ಮಾಡದೆ ಪಾತ್ರೆಗೆ ಹಾಕಿದವಳಲ್ಲ. ನಗಬೇಡಿ. ನಿಮ್ಮ ಮನೆಯಲ್ಲೂ ನನ್ನಂಥವರು ಒಬ್ಬರಿರುತ್ತಾರೆ. ಅವರಿಂದಲೇ ನಿಮ್ಮ ಮನೆಯ ಹಾಲು ಉಕ್ಕದೆ ಉಳಿದಿರುತ್ತದೆ.

ತಮ್ಮನ ಹೆಂಡತಿ ಸರೋಜ ಇದಕ್ಕೆ ಪೂರ್ತಿ ಉಲ್ಟಾ. ತಮ್ಮ ಆಗ ಸಿದ್ದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅವರ ಕ್ವಾರ್ಟರ್ಸು ಬಸ್ಸು ನಿಲ್ಲುವ ತಿರುವಿನಲ್ಲೇ ಇತ್ತು. ಹಾಗಾಗಿ ಬಸ್ಸು ತಪ್ಪಿದವರು, ಬಸ್ಸಿಗೆ ಬೇಗ ಬಂದವರು, ಬಸ್ಸಿಗೆ ಸಂಬಂಧವೇ ಇಲ್ಲದವರು, ಎಲ್ಲರೂ ಊಟದ ಹೊತ್ತಿಗೆ ಅಲ್ಲಿ ಹಾಜರು. ನಾನು ರಜೆಗೆ ಹೋದಾಗ ನೋಡುತ್ತಿದ್ದೆ. ಒಲೆಯ ಮೇಲೆ ಪಾತ್ರೆ ಕುದಿಯುತ್ತಿರುತ್ತಿತ್ತು, ಒಳಗೆ ನೀರೂ ಬೇಳೆಯೂ ಇರುತ್ತಿದ್ದವು. "ಏನಡಿಗೆ ಸರೋಜ?" ಎಂದರೆ "ಇನ್ನೂ ಗೊತ್ತಿಲ್ಲ ಅಕ್ಕ" ಅನ್ನುತ್ತಿದ್ದಳು. ಪಾತ್ರೆ ಕುದಿಯುತ್ತಿರುವಾಗಲೂ ಅಡಿಗೆ ಯಾವುದೆಂದು ಗೊತ್ತಿಲ್ಲದ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ ಕೈಗೆ ಸಿಕ್ಕಿದ್ದನ್ನು ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದಳು. ಬಾಗಿಲಿಗೆ ಇನ್ನಿಬ್ಬರು ಬಂದರೆ ಇನ್ನೊಂದು ಚೆಂಬು ನೀರು, ಇನ್ನೊಂದು ಹಿಡಿ ತೆಂಗಿನತುರಿ. ರುಚಿ ಮಾತ್ರ ಏಕೋ ಏನೋ ತೆಳ್ಳಗಾಗುತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಪಕ್ಕದ ಮನೆಯ ಕೊಡವರು ಅವಳಿಗೆ ಒಂದು ಬಾಟಲಿ ಕಾಚಂಪುಳಿ ಕೊಟ್ಟರಂತೆ. ಹೊಳೆನರಸೀಪುರದ ಕಡೆಯ ಹುಡುಗಿ, ಅದನ್ನು ಕಂಡವಳಲ್ಲ. ಹುಳಿ ಎಂದರು, ಇವಳು ಹುಣಸೆ ರಸದ ಲೆಕ್ಕದಲ್ಲೇ ಸಾರಿಗೆ ಒಂದು ಸೌಟು ಸುರಿದಳು. ಹನಿ ಲೆಕ್ಕದಲ್ಲಿ ಹಾಕಬೇಕಾದದ್ದು. ಜಗಲಿಯಲ್ಲಿ ತಮ್ಮನ ಗೆಳೆಯರು ಕೈತೊಳೆದು ಕೂತಾಗಿದೆ. ಸಾರು ನಾಲಿಗೆಗೆ ಇಟ್ಟರೆ ಕಿವಿ ನೆಟ್ಟಗಾಗುವಷ್ಟು ಹುಳಿ. ಸಿಹಿಗುಂಬಳ ಕೊಚ್ಚಿ ಹಾಕಿದಳು, ಬೆಲ್ಲ ಹಾಕಿದಳು, ತೆಂಗಿನಹಾಲು ಹಿಂಡಿದಳು. ಇನ್ನೂ ಏನೇನು ಹಾಕಿದಳೋ ಅವಳಿಗೇ ನೆನಪಿರಲಿಲ್ಲ. ಗೆಳೆಯರು ಪಾತ್ರೆ ಬರಿದು ಮಾಡಿ ಎದ್ದರು. ಮುಂದಿನ ವಾರ "ಆ ಸಾರು" ಎಂದು ಕೇಳಿಕೊಂಡು ಮತ್ತೆ ಬಂದರು. ಅಲ್ಲಿಂದ ಮುಂದೆ ಕಾಫಿ ಪಿಕ್ಕಿಂಗ್ ಮುಗಿದ ಮೇಲಿನ ಭಾನುವಾರ ಅವರಿಗೆಲ್ಲ ಇವರ ಮನೆಯಲ್ಲೇ ಊಟ ಎಂದಾಯಿತು. ಕೆಲಸ ಬಿಟ್ಟು ತಮ್ಮ ಕುಶಾಲನಗರಕ್ಕೆ ಬಂದ ಮೇಲೂ ಆ ಊಟ ತಪ್ಪಲಿಲ್ಲ. ಪ್ರತಿ ವರ್ಷ "ಆ ಸಾರು" ಕೇಳುವರು. ಪ್ರತಿ ವರ್ಷ ಅವಳು ಬೇರೇನೋ ಮಾಡುವಳು. ಮೊದಲ ತುತ್ತಿಗೇ ತಮ್ಮ ತಗಾದೆ ತೆಗೆಯುವನು.

"ಇದು ಮೊನ್ನೆದಲ್ಲ ಕಣೇ."

"ಮೊನ್ನೆದು ಬೇಕಿದ್ರೆ ಮೊನ್ನೆ ಬರಬೇಕಿತ್ತು."

ಅವನು ತಟ್ಟೆ ಮುಂದಕ್ಕೆ ಚಾಚುವನು, ಅವಳು ಇನ್ನೊಂದು ಸೌಟು ಬಡಿಸುವಳು. ಆ ಭಾನುವಾರ ಮಾತ್ರ ಅಲ್ಲ, ದಿನಾ ಇದೇ. ಅವಳ ಅಡಿಗೆಯನ್ನು ಅವನು ಚೆನ್ನಾಗಿದೆ ಎಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

ಸರೋಜ ತೀರಿಹೋಗಿ ವರ್ಷವಾಗುತ್ತ ಬಂತು. ಒಂದು ವಾರ ಇದ್ದು ಹೋಗೋಣ ಎಂದು ಬಂದ ನಾನು ಇನ್ನೂ ಇಲ್ಲೇ ಇದ್ದೇನೆ. ಕಾರಣ ತಮ್ಮನ ಊಟ. ಹೊತ್ತಿಗೆ ಸರಿಯಾಗಿ ಬಡಿಸುತ್ತೇನೆ. ಅವನು ನಾಲ್ಕು ತುತ್ತು ತಿಂದು, "ಚೆನ್ನಾಗಿದೆ ಅಕ್ಕ" ಎಂದು ತಟ್ಟೆ ಸರಿಸಿ ಏಳುತ್ತಾನೆ. ಸೋಮವಾರ ಚೆನ್ನಾಗಿದೆ, ಮಂಗಳವಾರವೂ ಚೆನ್ನಾಗಿದೆ. ಅಂಗಿ ಹೆಗಲ ಮೇಲೆ ಹ್ಯಾಂಗರಿಗೆ ಹಾಕಿದಂತೆ ಜೋತುಬಿದ್ದಿದೆ. ಹಾಸ್ಟೆಲಿನಲ್ಲಿ ಊಟ ಬಿಟ್ಟ ಹುಡುಗಿಯನ್ನು ಗದರಿಸಿ ಉಣ್ಣಿಸುತ್ತಿದ್ದೆ. ಚೆನ್ನಾಗಿದೆ ಎನ್ನುವವನನ್ನು ಏನೆಂದು ಗದರಿಸುವುದು?

ಈ ವರ್ಷವೂ ಗೆಳೆಯರನ್ನು ಕರೆಯೋಣ ಎಂದವಳು ಕಾವ್ಯ. "ಅವರ ಜೊತೆ ಕೂತು ಅಪ್ಪ ಒಂದಿನ ಹೊಟ್ಟೆ ತುಂಬ ಉಂಡ್ರೆ ಸಾಕು ಅತ್ತೆ" ಎಂದಳು. ತಮ್ಮ ಮೊದಲು ಬೇಡ ಎಂದ. ಶನಿವಾರ, ನಾನು ಆ ಬಾಟಲಿ ಹಿಡಿದು ನಿಂತಿದ್ದಾಗ, ಬಾಗಿಲಲ್ಲಿ ನಿಂತು ಹೇಳಿದ: "ಬರ್ಲಿ ಬಿಡು. ಆದ್ರೆ ಆ ಸಾರು ಮಾಡಕ್ಕ."

"ಯಾವ ಸಾರು?"

"ಅದೇ" ಎಂದು ಹೊರಗೆ ಹೋದ.

ಇಷ್ಟು ತಿಂಗಳಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ. "ಕೋಳಿ ಸಾರು, ಅಕ್ಕಿ ರೊಟ್ಟಿ ನನ್ನದು" ಎಂದಳು ಕಾವ್ಯ. "ಅದೇ" ನನ್ನ ಪಾಲಿಗೆ ಬಂತು. ಆ ಗೆಳೆಯರಲ್ಲಿ ಒಬ್ಬರಾದ ಕಕ್ಕಬೆಯ ಪೊನ್ನಪ್ಪನವರಿಗೆ ಫೋನ್ ಮಾಡಿದೆ.

"ಅದರಲ್ಲಿ ಬೈಂಬಳೆ ಇತ್ತಲ್ಲ ಅಕ್ಕ. ಬೈಂಬಳೆ ಇಲ್ಲದೆ ಅದೆಂಥ ಸಾರು?" ಬೈಂಬಳೆ ಎಂದರೆ ಬಿದಿರಿನ ಕಣಿಲೆ, ಮಳೆಗಾಲದ್ದು. ಈಗ ಎಲ್ಲಿಂದ ತರಲಿ?

ಇನ್ನೊಬ್ಬ ಗೆಳೆಯ ಸಿದ್ದಾಪುರದ ಹಂಸ, ಎಸ್ಟೇಟಿನ ಲಾರಿ ಓಡಿಸುತ್ತಿದ್ದವರು, ಫೋನಿನಲ್ಲೇ ನಕ್ಕರು. "ಪೊನ್ನಪ್ಪನಿಗೆ ಪ್ರಾಯ ಆಯ್ತು ಅಕ್ಕ. ಬೈಂಬಳೆ ಅಲ್ಲ. ಹಲಸಿನ ಬೀಜ. ನಾನು ಎಣಿಸಿ ತಿಂದಿದ್ದೇನೆ."

"ಕಾಚಂಪುಳಿ ಎಷ್ಟು?"

"ಅದನ್ನ ಸರೋಜಕ್ಕನಲ್ಲೇ ಕೇಳ್ಬೇಕು" ಎಂದರು. ಫೋನ್ ಇಟ್ಟೆ.

ಕಾವ್ಯಳನ್ನು ಕೇಳಿದರೆ ಅವರೆಕಾಳು ಎಂದಳು. ಮೂವರೂ ಒಂದೇ ಮನೆಯಲ್ಲಿ ಉಂಡವರು. ಯಾರೂ ಸುಳ್ಳು ಹೇಳುವವರಲ್ಲ. ಒಬ್ಬರ ಸಾರಿನಲ್ಲಿ ಇದ್ದದ್ದು ಇನ್ನೊಬ್ಬರ ಸಾರಿನಲ್ಲಿ ಇರಲಿಲ್ಲ.

ಭಾನುವಾರ ನಾನು ಅವರೆಕಾಳನ್ನು ನಂಬಿ ಶುರು ಮಾಡಿದೆ. ಕಾಳು ಬೆಂದು, ಎಲ್ಲ ಅಳತೆಯಲ್ಲಿ ಸರಿಯಾಗಿದೆ ಎನ್ನುವಷ್ಟರಲ್ಲಿ ಪೊನ್ನಪ್ಪನವರು ಬಂದರು, ಜೊತೆಗೆ ಅಳಿಯ, ಅಳಿಯನ ಜೊತೆಗೆ ಅವನ ಗೆಳೆಯರು. "ದಾರಿಯಲ್ಲಿ ಸಿಕ್ಕಿದರು ಅಕ್ಕ, ಊಟಕ್ಕಿಲ್ಲ" ಎಂದರು. ಊಟದ ಹೊತ್ತಿಗೆ ಬಂದು ಊಟಕ್ಕಿಲ್ಲ ಎನ್ನುವವರ ಅರ್ಥ ಕೊಡಗಿನಲ್ಲಿ ಇರುವವರಿಗೆಲ್ಲ ಗೊತ್ತು. ಪಾತ್ರೆಗೆ ನೀರು ಬಿಟ್ಟೆ. ಸಾರು ತೆಳ್ಳಗಾಯಿತು. ಬೆಳಗಿನ ತೊವ್ವೆ ಉಳಿದಿತ್ತು, ಸುರಿದೆ. ಮೂಲೆಯಲ್ಲಿ ಅರ್ಧ ಸಿಹಿಗುಂಬಳ ಇತ್ತು, ಅದನ್ನೂ ಹಾಕಿದೆ. ಜೀರಿಗೆ ಮೆಣಸು, ತೆಂಗಿನಕಾಯಿ, ಹುರಿದ ಅಕ್ಕಿ ಅರೆದು ಬೆರೆಸಿದೆ. ಕಾಚಂಪುಳಿಯನ್ನು ಚಮಚಕ್ಕೆ ಬಗ್ಗಿಸಿದರೆ ಮೊದಲು ಬರಲೇ ಇಲ್ಲ, ಆಮೇಲೆ ಗಳಕ್ಕನೆ ಬಂತು. ಬೆಲ್ಲ ಹಾಕಿದೆ. ರುಚಿ ನೋಡಿದೆ, ಮತ್ತೇನೋ ಹಾಕಿದೆ. ಎಷ್ಟು ಸಲ ನೋಡಿದೆ, ಏನು ಹಾಕಿದೆ, ದೇವರಾಣೆಗೂ ಹೇಳಲಾರೆ. "ಏನ್ ಸಾರು ಅತ್ತೆ?" ಎಂದು ಕಾವ್ಯ ಕೇಳಿದಾಗ ನನಗೆ ಹೇಳಲು ಒಂದು ಹೆಸರೂ ಇರಲಿಲ್ಲ.

ಅಷ್ಟರಲ್ಲಿ ಹಂಸ ಕೂಡ ಬಂದರು, ಎಲ್ಲರೂ ಕೂತರು. ಬಡಿಸಿದೆ.

"ಇದೇ, ಇದೇ" ಎಂದರು ಪೊನ್ನಪ್ಪ. "ಬೈಂಬಳೆ ಒಂದು ಇಲ್ಲ ಅಷ್ಟೇ."

"ಇದಲ್ಲ" ಎಂದರು ಹಂಸ. "ಹಲಸಿನ ಬೀಜ ಎಲ್ಲಿ? ಅಕ್ಕ, ಬೇಜಾರು ಮಾಡ್ಬೇಡಿ, ಸಾರು ಒಳ್ಳೇದುಂಟು. ಆದ್ರೆ ಇದಲ್ಲ."

"ನಿಮ್ಮ ನಾಲಿಗೆಗೆ ಲಾರಿ ಡೀಸೆಲ್ ಹಿಡಿದಿದೆ ಮಾರಾಯ್ರೆ" ಎಂದರು ಪೊನ್ನಪ್ಪ.

ಅವರ ಜಗಳ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ತಮ್ಮ ತಲೆ ತಗ್ಗಿಸಿ ಒಂದು ತುತ್ತು ತಿಂದ. ಇನ್ನೊಂದು ತಿಂದ. ಈಗ ಚೆನ್ನಾಗಿದೆ ಎನ್ನುತ್ತಾನೆ, ಏಳುತ್ತಾನೆ ಎಂದು ಕಾಯುತ್ತ ನಿಂತೆ. ಅವನು ಕೈಯನ್ನು ತಟ್ಟೆಯಲ್ಲೇ ಇಟ್ಟುಕೊಂಡು ಹೇಳಿದ:

"ಇದು ಮೊನ್ನೆದಲ್ಲ."

ಕಾವ್ಯ ರೊಟ್ಟಿ ಹಿಡಿದು ನಿಂತಲ್ಲೇ ನಿಂತಳು. ಅವನು ದೂರುತ್ತಿದ್ದಾನೋ, ಅಳುತ್ತಿದ್ದಾನೋ, ಅಥವಾ ಬಾಯಿಯ ಅಭ್ಯಾಸವೋ, ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಆ ಮಾತಿನ ನಂತರ ಒಂದು ಉತ್ತರ ಬರಬೇಕಿತ್ತು, ಕೊಡುವವಳು ಇರಲಿಲ್ಲ. ನನ್ನದೇ ದನಿ, ಅದೂ ಹಾಸ್ಟೆಲಿನ ಗಡಸು ದನಿ, ನನ್ನನ್ನು ಕೇಳದೆ ಹೊರಬಂತು.

"ಮೊನ್ನೆದು ಬೇಕಿದ್ರೆ ಮೊನ್ನೆ ಬರಬೇಕಿತ್ತು."

ಅವನು ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ತಟ್ಟೆಯನ್ನು ಮುಂದಕ್ಕೆ ಚಾಚಿದ. ನಾನು ಸೌಟು ತುಂಬ ಬಡಿಸಿದೆ, ಅನ್ನದ ಮೇಲೆ ಅರ್ಧ, ಅವನ ಕೈಯ ಮೇಲೆ ಅರ್ಧ. ಅವನು ಒರೆಸಿಕೊಳ್ಳದೆ ಕಲಸಿ ಉಂಡ.

ಇವತ್ತು ಸೋಮವಾರ. ಬಾಟಲಿ ಈಗ ಮೇಲಿನ ಹಲಗೆಯಲ್ಲಿಲ್ಲ, ಉಪ್ಪಿನ ಭರಣಿಯ ಪಕ್ಕ ಕೂತಿದೆ. ಬೆಳಿಗ್ಗೆ ಬಾಣಲೆ ಇಟ್ಟು ರವೆ ಡಬ್ಬದ ಮುಚ್ಚಳ ತೆಗೆದಿದ್ದೆ. ಜಗಲಿಯಿಂದ ತಮ್ಮ ಕೂಗಿದ, "ಏನ್ ತಿಂಡಿ ಅಕ್ಕ?"

ಸೋಮವಾರ ಏನು ತಿಂಡಿ ಎಂದು ನನ್ನನ್ನು ಯಾರೂ ಕೇಳಬೇಕಾಗಿಯೇ ಇರಲಿಲ್ಲ. ಕೈಯಲ್ಲಿದ್ದ ಡಬ್ಬ ನೋಡಿದೆ. ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ.

"ಇನ್ನೂ ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಒಳಗೆ ಬಂದ, ಕಾದು ಹೊಗೆಯಾಡುತ್ತಿದ್ದ ಬರಿಯ ಬಾಣಲೆಗೆ ಇಣುಕಿ ನೋಡುತ್ತ ನಿಂತ.