ಬಟ್ಟೆಗಂಟಿನಲ್ಲಿದ್ದ ಕಾಗದ

ನನ್ನ ಮಗಳು ಹುಟ್ಟಿದ್ದು ಧಾರವಾಡದಲ್ಲಿ, ಆಪರೇಷನ್ ಆಗಿ. ಚೊಚ್ಚಲ ಹೆರಿಗೆ ತವರಿನ ಪಾಲು ಎಂದು ಕುಬಸದ ಶಾಸ್ತ್ರ ಮುಗಿದ ಮೇಲೆ ಅವ್ವ ನನ್ನನ್ನು ಪುಣೆ ಹತ್ತಿರದ ತಳೇಗಾಂವದಿಂದ ಕರೆದುಕೊಂಡು ಹೋಗಿದ್ದಳು. ಎಂಟನೇ ತಿಂಗಳಲ್ಲೇ ನೀರು ಹೋಯಿತು. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಗಡಿಬಿಡಿಯಲ್ಲಿ ಕೊಯ್ದು ತೆಗೆದರು. ಬಿಡುಗಡೆಯ ದಿನ ಅಲ್ಲಿನ ಡಾಕ್ಟರು ಅವ್ವನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು: "ಮ್ಯಾಲಿನ ಹೊಲಿಗಿ ಅಡ್ಡ ಅದ, ಒಳಗ ಗರ್ಭಕೋಶಕ್ಕ ಮಾತ್ರ ಉದ್ದಕ ಕೊಯ್ಯಬೇಕಾತು. ಮುಂದಿನ ಸಲ ಬ್ಯಾನಿ ಬರೂದಕ್ಕಿಂತ ಮೊದಲ ಆಪರೇಷನ್ ಮಾಡಿಸ್ಕೋಬೇಕು. ಕಾಗದದಾಗ ಬರದೀನಿ, ಕಳೀಬ್ಯಾಡ್ರಿ."

ಅವ್ವನಿಗೆ ಇಂಗ್ಲಿಷ್ ಬರದು. ಆದರೂ ಆ ಹಳದಿ ಬಣ್ಣದ ಕಾಗದವನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿ ನೋಡಿ, ತೊಳೆದು ಒಣಗಿಸಿದ ಹಾಲಿನ ಪಾಕೀಟಿನಲ್ಲಿ ಮಡಚಿಟ್ಟು ನನಗೆ ಕೊಟ್ಟಳು.

ಆಮೇಲೆ ನನ್ನ ಹೊಲಿಗೆ ಕೀವು ಹಿಡಿಯಿತು. ಎರಡು ತಿಂಗಳು ಮಗಳನ್ನು ನಾನು ಎತ್ತಿಕೊಳ್ಳಲಿಲ್ಲ. ಅವಳು ಅವ್ವನ ತೊಡೆಯ ಮೇಲೆ ಒಳಲೆಯಲ್ಲಿ ಹಾಲು ಕುಡಿದು ಬೆಳೆದಳು. ನನ್ನ ಎದೆಯ ಹಾಲು ಬತ್ತಿಹೋಯಿತು. ತೊಟ್ಟಿಲ ಶಾಸ್ತ್ರಕ್ಕೆ ಬಂದ ಅತ್ತೆ, ನೆರೆದ ಹೆಂಗಸರ ಮುಂದೆ ನಗುನಗುತ್ತಲೇ ಅಂದರು: "ಈಕಿ ಎಲ್ಲಿ ಹಡದಾಳವಾ? ಡಾಕ್ಟರು ತಗದು ಕೊಟ್ಟಾರ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮರೆಯಲಿಲ್ಲ. ನನ್ನ ಸ್ವಭಾವವೇ ಹಾಗೆ, ಒಮ್ಮೆ ಚುಚ್ಚಿದ ಮಾತನ್ನು ವರ್ಷಗಟ್ಟಲೆ ಜೋಪಾನ ಮಾಡುತ್ತೇನೆ.

ನಾಲ್ಕು ವರ್ಷದ ಮೇಲೆ ಮತ್ತೆ ದಿನ ನಿಂತವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮವರು ತಳೇಗಾಂವದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ನಾನು ಅಲ್ಲಿಯೇ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಒಮ್ಮೆ ಆಪರೇಷನ್ ಆದವರಿಗೂ ಸಹಜ ಹೆರಿಗೆಗೆ ಅವಕಾಶ ಕೊಡುವ ಡಾಕ್ಟರಮ್ಮ ಒಬ್ಬರು ಪುಣೆಯಲ್ಲಿದ್ದಾರೆ ಎಂದು ಶಾಲೆಯ ಸಹೋದ್ಯೋಗಿ ಹೇಳಿದಳು. ಲೋಕಲ್ ರೈಲು ಹಿಡಿದು ಹೋದೆ.

ನಡುವಯಸ್ಸಿನ ಮರಾಠಿ ಹೆಂಗಸು. ಅವಸರವಿಲ್ಲದೆ ಮಾತಾಡುವ ಡಾಕ್ಟರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮತ್ತೆ ಕೊಯ್ದರೆ ಏನು ತೊಂದರೆ, ಸಹಜ ಹೆರಿಗೆಗೆ ಪ್ರಯತ್ನಿಸಿದರೆ ಏನು ಅಪಾಯ, ಎರಡನ್ನೂ ಬಿಡಿಸಿ ಹೇಳಿದರು. "ಎಲ್ಲ ಒಳಗಿನ ಗೆರೆಯ ಮೇಲೆ ನಿಂತಿದೆ. ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದರೆ ಪ್ರಯತ್ನಿಸೋಣ. ಉದ್ದಕ್ಕೆ ಕೊಯ್ದಿದ್ದರೆ ನಾನು ನೋವು ಬರಗೊಡುವುದೇ ಇಲ್ಲ, ಗರ್ಭಕೋಶ ಸೀಳಿಹೋಗುತ್ತದೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಹಳೆಯ ಕಾಗದ ತಂದಿದ್ದೀರಾ?" ಎಂದು ಮರಾಠಿಯಲ್ಲಿ ಕೇಳಿದರು.

ಕಾಗದ ನನ್ನ ಬ್ಯಾಗಿನಲ್ಲೇ ಇತ್ತು.

"ಕಳೆದುಹೋಗಿದೆ," ಅಂದೆ.

ಯಾಕೆ ಹಾಗೆ ಅಂದೆ ಎಂದು ನೂರು ಸಲ ಕೇಳಿಕೊಂಡಿದ್ದೇನೆ. ಕೀವಿನ ವಾಸನೆ ಇನ್ನೂ ಮೂಗಿನಲ್ಲಿತ್ತು, ಅದು ಒಂದು ಕಾರಣ. ಈ ಸಲ ನನ್ನ ಕೂಸಿಗೆ ನಾನೇ ಮೊಲೆ ಕೊಡಬೇಕು ಎಂಬ ಆಸೆ ಇನ್ನೊಂದು. ಅತ್ತೆಯ ಮುಂದೆ ತಲೆಯೆತ್ತಿ ನಿಲ್ಲುವ ಹಟವೂ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಧಾರವಾಡದ ಸಣ್ಣ ಆಸ್ಪತ್ರೆಯವರು ಹೆದರಿ ಏನೋ ಬರೆದಿರುತ್ತಾರೆ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಮಕ್ಕಳಿಗೆ ಗಣಿತ ಕಲಿಸುವವಳಿಗೆ ತನ್ನದೇ ಲೆಕ್ಕ ತಪ್ಪಿತು.

ಒಂದು ಸುಳ್ಳಿನಿಂದ ಮುಗಿಯಲಿಲ್ಲ. ಆಪರೇಷನ್ ಯಾಕಾಯಿತು ಎಂದರು; ಮಗುವಿನ ಕಾಲು ಕೆಳಗಿತ್ತು ಎಂದೆ. ತಿಂಗಳು ತುಂಬಿತ್ತೇ ಎಂದರು, ತುಂಬಿತ್ತು ಎಂದೆ. ಧಾರವಾಡಕ್ಕೆ ಬರೆದು ಕೇಳಿ ಎಂದರು. ಮುಂದಿನ ಸಲ ಹೋದಾಗ, ಆ ಆಸ್ಪತ್ರೆ ಮುಚ್ಚಿದೆಯಂತೆ ಎಂದೆ. ಅವರು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು. "ನೀವು ಓದಿದವರು, ನಿಮ್ಮ ಮಾತಿನ ಮೇಲೆ ಹೋಗುತ್ತೇನೆ. ಆದರೆ ನೋವು ಶುರುವಾದ ಕೂಡಲೇ ಇಲ್ಲಿರಬೇಕು," ಅಂದರು. ಖುಷಿಯಿಂದ ತಲೆಯಾಡಿಸಿದೆ.

ಕಾಗದವನ್ನು ಹರಿದುಹಾಕಬಹುದಿತ್ತು. ಹರಿಯಲಿಲ್ಲ. ಅದರಲ್ಲಿ ಬರೆದದ್ದು ನಿಜವೆಂದು ನನಗೆ ಗೊತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದನ್ನು ಮುಚ್ಚಿಡಲು ಜಾಗವೊಂದು ಮನೆಯಲ್ಲೇ ಇತ್ತು. ಮಗಳು ಕೂಸಾಗಿದ್ದಾಗಿನ ಕುಂಚಿಗೆ, ಕುಲಾಯಿ, ಅವ್ವನ ಹಳೆಯ ಇಳಕಲ್ ಸೀರೆ ಹರಿದು ಮಾಡಿದ ಮೆತ್ತನೆಯ ಬಟ್ಟೆಗಳು, ಎಲ್ಲವನ್ನೂ ಅವ್ವ ಒಂದು ಗಂಟು ಕಟ್ಟಿ ಎರಡನೆಯದಕ್ಕೆಂದು ಕೊಟ್ಟಿದ್ದಳು. "ಕೂಸು ಅಳೂದು ಕಿವೀಲೆ ಕೇಳೂತನಕ ಇದನ್ನ ಬಿಚ್ಚಬಾರದು ನೋಡು," ಎಂದಿದ್ದಳು. ಇಂಥ ಶಾಸ್ತ್ರಗಳನ್ನೆಲ್ಲ ನಾನು ಗೇಲಿ ಮಾಡುತ್ತಿದ್ದವಳು. ಆ ಗಂಟನ್ನು ಬಿಚ್ಚಿ, ಕಾಗದವನ್ನು ಬಟ್ಟೆಗಳ ನಡುವೆ ತೂರಿಸಿ, ಮತ್ತೆ ಕಟ್ಟಿ ಕಪಾಟಿನ ಮೇಲಿಟ್ಟೆ. ಹೆರಿಗೆ ಆಗುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ ಎಂದು ನಿಶ್ಚಿಂತಳಾದೆ.

ಒಂಬತ್ತು ತುಂಬುತ್ತಿದ್ದಂತೆ ಅವ್ವ ಬಂದಳು. ಬಾಣಂತನಕ್ಕೆಂದು ತಂದ ಅಂಟಿನ ಉಂಡಿಯ ಡಬ್ಬಿ ಕೆಳಗಿಡುವ ಮೊದಲೇ ಕೇಳಿದಳು.

"ಆ ಕಾಗದಾ ತೋರ್ಸೀಯಿಲ್ಲೋ ಡಾಕ್ಟರಗ?"

"ತೋರ್ಸೇನವ್ವಾ."

"ಏನಂದ್ರು?"

"ಇಲ್ಲಿ ಹಂಗೇನಿಲ್ಲಂತ. ಪುಣೇದಾಗ ಭಾಳ ಮುಂದ ಹೋಗ್ಯಾರ. ನೀ ಸುಮ್ನಿರು."

ಅವ್ವ ಸುಮ್ಮನಾದಳು. ಓದಿದ ಮಗಳ ಮುಂದೆ ಅವಳು ಯಾವಾಗಲೂ ಸುಮ್ಮನಾಗುತ್ತಿದ್ದಳು.

ನೋವು ಬೆಳಗಿನ ಚಹಾದ ಹೊತ್ತಿಗೆ ಶುರುವಾಯಿತು. ಕಾರು ಬಾಡಿಗೆಗೆ ಹಿಡಿದು ಪುಣೆಗೆ ಹೋದೆವು. ಮಧ್ಯಾಹ್ನದವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ನರ್ಸು ಬಂದು ಮಗುವಿನ ಎದೆಬಡಿತ ಕೇಳಿ ತಲೆಯಾಡಿಸಿ ಹೋಗುತ್ತಿದ್ದಳು. ಪ್ರತಿ ನೋವಿಗೂ ನಾನು ಒಳಗೊಳಗೇ ಅತ್ತೆಗೆ ಉತ್ತರ ಕೊಡುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಎರಡು ಗಂಟೆಯ ಸುಮಾರಿಗೆ ಹೊಟ್ಟೆಯಲ್ಲಿ ಏನೋ ಹರಿದುಹೋದಂತಾಯಿತು. ನೋವು ಒಮ್ಮೆಲೇ ನಿಂತಿತು. ನಿಂತಿತಲ್ಲ ಎಂದು ಒಂದು ಕ್ಷಣ ಹಾಯೆನಿಸಿತು. ನರ್ಸು ಎದೆಬಡಿತ ಹುಡುಕಿದಳು, ಜಾಗ ಬದಲಿಸಿ ಮತ್ತೆ ಹುಡುಕಿದಳು, ಆಮೇಲೆ ಓಡಿದಳು. ಡಾಕ್ಟರಮ್ಮ ನನ್ನ ಮುಖ ನೋಡಿದ್ದಷ್ಟೇ ನೆನಪಿದೆ.

ಎಚ್ಚರಾದಾಗ ಸಂಜೆ. ಗಂಡುಮಗು, ಹೊರಗೆ ತೆಗೆಯುವ ಮೊದಲೇ ಹೋಗಿಬಿಟ್ಟಿತ್ತು. ರಕ್ತ ನಿಲ್ಲದೆ ಗರ್ಭಕೋಶವನ್ನೂ ತೆಗೆದಿದ್ದರು. ಕಣ್ಣೀರು ಬರಲಿಲ್ಲ. ಅವ್ವ ಎಲ್ಲಿ ಎಂದು ಕೇಳಿದೆ. ಆಸ್ಪತ್ರೆಯ ಬಟ್ಟೆಯಲ್ಲಿ ಕೂಸನ್ನು ಮಣ್ಣಿಗೆ ಕಳಿಸಬಾರದು, ನಮ್ಮ ಮನೆಯ ಬಟ್ಟೆಯೇ ಆಗಬೇಕು ಎಂದು ಅದೇ ಕಾರಿನಲ್ಲಿ ತಳೇಗಾಂವಕ್ಕೆ ಹೋಗಿದ್ದಾಳೆ, ಇನ್ನೇನು ಬರುತ್ತಾಳೆ ಎಂದು ನಮ್ಮವರು ಹೇಳಿದರು. ಅಂದರೆ ಗಂಟು ಬಿಚ್ಚಿದ್ದಾಳೆ. ಕೂಸಿನ ಅಳು ಕೇಳದೆಯೇ ಬಿಚ್ಚಿದ್ದಾಳೆ.

ಅವ್ವ ಬಂದಾಗ ಡಾಕ್ಟರಮ್ಮ ನನ್ನ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದರು. ಅವರ ಕಣ್ಣುಗಳು ಕೆಂಪಾಗಿದ್ದವು. "ಒಳಗಿನ ಗೆರೆ ಉದ್ದಕ್ಕಿತ್ತು. ಕಾಗದ ಇಲ್ಲದೆ ನಾನು ಒಪ್ಪಬಾರದಾಗಿತ್ತು, ತಪ್ಪು ನನ್ನದು," ಎಂದು ಅವರೇ ಹೇಳಿಕೊಂಡರು. ಆಮೇಲೆ ಅವ್ವನ ಕಡೆ ತಿರುಗಿ, ಆ ಕಾಗದ ಕಡೆಗೂ ಸಿಗಲೇ ಇಲ್ಲವೇ ಎಂದು ಕೇಳಿದರು. ನಮ್ಮವರು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದರು.

ಅವ್ವನ ಕಂಕುಳಲ್ಲಿ ಬಟ್ಟೆಯ ಮಡಿಕೆಗಳಿದ್ದವು. ನನ್ನನ್ನೇ ದಿಟ್ಟಿಸಿ ನೋಡಿದಳು. ಅಂಥ ನೋಟವನ್ನು ಅದಕ್ಕೆ ಮೊದಲು ಅವಳ ಮುಖದಲ್ಲಿ ನಾನು ಕಂಡಿರಲಿಲ್ಲ.

"ಇಲ್ರಿ," ಅಂದಳು. "ಸಿಗಲಿಲ್ಲ."

ಅದಾದ ಮೇಲೆ ಆ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಣಂತನ ಮಾಡಿದಳು, ಕೂಸಿಲ್ಲದ ಬಾಣಂತಿಗೆ ನೀರೆರೆದಳು, ಮೈ ಒರೆಸಿದಳು, ಹಾಲು ಇಂಗಲೆಂದು ಎದೆಗೆ ಬಟ್ಟೆ ಬಿಗಿದಳು. ಈ ಸಲ ಹಾಲು ಧಾರಾಳವಾಗಿತ್ತು.

ಆರು ವರ್ಷ ಕಳೆದವು. ನಮ್ಮ ಮೇಲಿನ ಮನೆಗೆ ಕಲಬುರಗಿ ಕಡೆಯ ದಂಪತಿ ಬಂದರು. ಆ ಹುಡುಗಿ ಎರಡನೆಯದಕ್ಕೆ ಬಸುರಿ, ಮೊದಲನೆಯದು ಆಪರೇಷನ್. ಒಂದು ದಿನ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಳು. "ಅಕ್ಕಾ, ಪುಣೇದಾಗ ಆ ಡಾಕ್ಟರ್ ಬಾಯಿ ನಾರ್ಮಲ್ ಮಾಡ್ತಾರಂತ ಹೋಗಿದ್ದೆ. ನನ್ನ ಕಾಗದ ನೋಡಿ, ಒಳಗಿನ ಹೊಲಿಗಿ ಅಡ್ಡ ಅದ, ಎಲ್ಲಾ ಬರೋಬರಿ ಅದ ಅಂದ್ರು. ಆದ್ರ ಈಗ ಯಾರಿಗೂ ಒಪ್ಪಂಗಿಲ್ಲಂತ. ಹಿಂದ ಒಬ್ಬಾಕಿಗೆ ಒಪ್ಪಿ ಕೂಸು ಹೋತಂತ, ಆವಾಗಿಂದ ಧೈರ್ಯ ಇಲ್ಲಂತ."

ಆ ಒಬ್ಬಾಕಿ ನಾನೇ ಎಂದು ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ. ಆದರೆ ಡಾಕ್ಟರಿಗೆ ಹೇಳಲೇಬೇಕೆಂದು ಅವತ್ತೇ ನಿಶ್ಚಯಿಸಿದೆ. ಆಗ ಅವ್ವ ನಮ್ಮ ಮನೆಯಲ್ಲೇ ಇದ್ದಳು. ಅಡುಗೆಮನೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದವಳ ಎದುರು ಕುಳಿತು ಮೊದಲ ಸಲ ಕೇಳಿದೆ.

"ಅವ್ವಾ, ಆ ಕಾಗದ ಎಲ್ಲಿ?"

ಅವಳು ತಲೆಯೆತ್ತಲಿಲ್ಲ. "ಕೂಸಿಗೆ ಸುತ್ತಿದ ಅರಿವ್ಯಾಗ ಇಟ್ಟು ಕಳಿಸಿಬಿಟ್ಟೆ. ಇನ್ನ ಯಾರ ಕೈಗೂ ಸಿಗಬಾರದು ಅಂತ."

ಕೂಸನ್ನು ಎದೆಗವಚಿಕೊಂಡು ಮಣ್ಣಿಗೆ ಒಯ್ದವರು ನಮ್ಮವರು. ಅದರ ಜೊತೆಗೆ ಏನನ್ನು ಒಯ್ದರು ಎಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ.

ಕಾಗದವಿಲ್ಲದೆಯೇ ಮರುದಿನ ಹೋದೆ. ಡಾಕ್ಟರಮ್ಮನ ತಲೆ ಪೂರ್ತಿ ನರೆತಿತ್ತು. ನನ್ನನ್ನು ಕಂಡ ಕೂಡಲೇ ಗುರುತಿಸಿ ಎದ್ದು ನಿಂತರು. ಎಲ್ಲವನ್ನೂ ಹೇಳಿದೆ, ಬ್ಯಾಗಿನಲ್ಲಿದ್ದ ಕಾಗದ, ಹೇಳಿದ ಸುಳ್ಳುಗಳು, ಬಟ್ಟೆಯ ಗಂಟು. ತಪ್ಪು ನಿಮ್ಮದಲ್ಲ, ಆ ಹುಡುಗಿಯ ಕಾಗದ ಸರಿಯಾಗಿದೆ, ದಯವಿಟ್ಟು ಅವಳನ್ನು ಕೈಬಿಡಬೇಡಿ ಎಂದು ಕೈಮುಗಿದೆ. ಅವರು ಪೂರ್ತಿ ಕೇಳಿಸಿಕೊಂಡು ನನ್ನ ಕೈ ಹಿಡಿದರು.

"ಮಗು ಕಳೆದುಕೊಂಡ ತಾಯಂದಿರು ಹೀಗೆಯೇ, ತಪ್ಪನ್ನೆಲ್ಲ ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ. ಈಗ ಆ ಹುಡುಗಿಗಾಗಿ ಇದೊಂದು ಕತೆಯನ್ನೂ ಕಟ್ಟಿದ್ದೀರಿ," ಅಂದರು. "ಆ ಕಾಗದ ಈಗ ಎಲ್ಲಿದೆ?"

"ಇಲ್ಲ."

"ಅವತ್ತೂ ಕಾಗದ ಇಲ್ಲದೆ ನಿಮ್ಮ ಮಾತು ನಂಬಿದೆ," ಅಂದರು. "ಇನ್ನೊಮ್ಮೆ ನನ್ನಿಂದ ಆಗುವುದಿಲ್ಲ."

ಆಮೇಲೆ ಗಂಟೆ ಒತ್ತಿ ಮುಂದಿನವರನ್ನು ಕರೆದರು.