ಬೆರಳು ತೊಳೆದು ಚುಚ್ಚುವ ವಿದ್ಯಾವತಿ

ಬೆಳಗಿನ ಆರು ಗಂಟೆ. ಇಂಡಿ ತಾಲೂಕಿನ ಹಳ್ಳಿಯೊಂದರ ಸಮುದಾಯ ಭವನದ ಕಟ್ಟೆಯ ಮೇಲೆ ಒಂದು ಕೊಡ ನೀರು, ಸಾಬೂನಿನ ತುಂಡು, ಮಡಿಚಿಟ್ಟ ಬಿಳಿ ಟವೆಲ್. ರಕ್ತದ ತಪಾಸಣೆಗೆ ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಬೇವಿನ ಮರದವರೆಗೆ ನಿಂತಿದೆ. ಎಲ್ಲರಿಗಿಂತ ಮುಂದೆ ಎಪ್ಪತ್ತು ದಾಟಿದ ಗುರುಲಿಂಗಪ್ಪ.

"ಕಾಕಾ, ಮೊದಲ ಕೈ ತೊಳಕೋರಿ."

"ಯಾಕ ಬಾಯಾರ, ಊಟಕ್ಕ ಹಾಕ್ತೀರೇನ?"

"ನಾ ರಕ್ತಾ ತಗೋತೇನಿ. ಊಟಾ ನಿಮ್ಮ ಸೊಸಿ ಹಾಕ್ತಾಳ."

ಸಾಲು ನಗುತ್ತದೆ. ಸಿಸ್ಟರ್ ವಿದ್ಯಾವತಿ ತಾವೇ ನೀರು ಹಾಕಿ, ಬೆರಳು ಒರೆಸಿ, ತಣ್ಣಗಿರುವ ಆ ಕೈಯನ್ನು ತಮ್ಮ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ ಆಮೇಲೆ ಚುಚ್ಚುತ್ತಾರೆ. ಹೆಂಗಸರಾದರೆ ಎಡಗೈ. ರೊಟ್ಟಿ ಬಡಿಯುವ ಕೈ ನೋಯಬಾರದು.

ದೇವಣಗಾಂವದ ಮಾಸ್ತರರ ಮಗಳು ವಿದ್ಯಾವತಿಗೆ ಈಗ ಐವತ್ತೊಂಬತ್ತು. ಮೂವತ್ನಾಲ್ಕು ವರ್ಷದ ಸೇವೆ, ನಾಲ್ಕು ಹಳ್ಳಿ, ದಿನಕ್ಕೆ ಮೂವತ್ತೈದರಿಂದ ನಲವತ್ತು ಬೆರಳು. ಟಂಟಂ ಸಿಕ್ಕರೆ ಸರಿ, ಇಲ್ಲದಿದ್ದರೆ ನಡಿಗೆ. ಮೊಣಕಾಲುಗಳು ಎಂದೋ ಸವೆದಿವೆ. ಚೀಲದಲ್ಲಿ ಸಕ್ಕರೆ ನೋಡುವ ಒಂದು ಪುಟ್ಟ ಯಂತ್ರ, ರಕ್ತದ ಅಂಶ, ಅಂದರೆ ಹಿಮೋಗ್ಲೋಬಿನ್, ನೋಡುವ ಇನ್ನೊಂದು. ಅವು ನಿಮಿಷದೊಳಗೆ ಹೇಳುವುದನ್ನು ಇವರು ಚೀಟಿಯಲ್ಲಿ ಬರೆದು ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿ ಡಾಕ್ಟರ್ ಸಾಹೇಬರು ಅದರ ಕೆಳಗೆ ಬರೆಯುವುದು ಒಂದೇ ಮಾತು: ಲ್ಯಾಬಿಗೆ ಕಳಿಸಿ.

ಇದಕ್ಕೆ ಕಾರಣವಿದೆ, ಅದನ್ನು ವಿದ್ಯಾವತಿ ಮುಚ್ಚಿಡುವುದಿಲ್ಲ. ಆರು ವರ್ಷದ ಹಿಂದೆ, ಹೋಳಿ ಹುಣ್ಣಿಮೆಯ ಮುಂಜಾನೆ, ಮುದುಕಿ ಲಕ್ಕವ್ವ ಹೋಳಿಗೆಯ ಹೂರಣ ರುಬ್ಬುತ್ತಿದ್ದವಳು ಎದ್ದು ಬಂದು, ಕೈಯನ್ನು ಸೆರಗಿಗೆ ಒರೆಸಿಕೊಂಡು ಬೆರಳು ಚಾಚಿದಳು. ಯಂತ್ರ ನಾನೂರ ಮೂವತ್ತೆಂಟು ತೋರಿಸಿತು. ಸಾಹೇಬರು ಗಾಬರಿಯಾಗಿ ಅವಳನ್ನು ಜೀಪಿನಲ್ಲಿ ವಿಜಯಪುರಕ್ಕೆ ಕಳಿಸಿದರು. ಅಲ್ಲಿ ನೋಡಿದರೆ ನೂರಾನಾಲ್ಕು. "ಮುದುಕಿಗಿ ಸಕ್ಕರಿ ಇಲ್ರಿ, ಬೆರಳಿಗೈತಿ" ಎಂದು ಅಲ್ಲಿಯ ಡಾಕ್ಟರು ಫೋನಿನಲ್ಲಿ ನಕ್ಕರು. ಬೆಲ್ಲ ಬೆರಳಿಗೆ ಅಂಟಿಕೊಂಡೇ ಇತ್ತು.

ಕೊಡ, ಸಾಬೂನು ಮರುದಿನವೇ ಬಂದವು. ಹೋದ ನಂಬಿಕೆ ಮಾತ್ರ ಬರಲಿಲ್ಲ.

"ಮಂದಿ ಮುಂದ ಒಮ್ಮೆ ನಗೆಪಾಟಲ ಆದವ ನಾನು," ಎನ್ನುತ್ತಾರೆ ಸಾಹೇಬರು. ಕೆಟ್ಟವರಲ್ಲ. ಹೊರಗೆ ನಿಂತ ಬಸುರಿಗೆ ತಮ್ಮ ಕುರ್ಚಿಯನ್ನೇ ಕೊಡುವವರು. "ಬೆರಳಿನ ರಕ್ತಾ ನಂಬಿ ಏನರ ಹೆಚ್ಚುಕಮ್ಮಿ ಆದ್ರ, ಕಾಗದದ ಮ್ಯಾಲ ಸಹಿ ನಂದ ಇರ್ತದಲ್ಲ?"

ಎರಡು ವರ್ಷದ ಹಿಂದಿನ ಒಂದು ಶುಕ್ರವಾರ ಸುನಂದಾ ಬಂದಳು. ಎಂಟು ತಿಂಗಳ ಬಸುರಿ, ಬಿಳುಚಿದ ತುಟಿ. ಹನ್ನೊಂದಾದರೂ ಇರಬೇಕಾದ ರಕ್ತದ ಅಂಶ ತೊಳೆದ ಬೆರಳಿನಲ್ಲಿ ಐದೂವರೆಯನ್ನೂ ಮುಟ್ಟಲಿಲ್ಲ. ಐದು ಪಾಯಿಂಟ್ ನಾಲ್ಕು. ಇವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಿ ರಕ್ತ ಏರಿಸಬೇಕೆಂದು ವಿದ್ಯಾವತಿ ಕೇಳಿಕೊಂಡರು.

"ಬಾಯಾರ, ನಿಮ್ಮದು ಹೂರಣದ ಮಷೀನ್. ಲ್ಯಾಬ್ ರಿಪೋರ್ಟ್ ಬರ್ಲಿ."

ಡಬ್ಬಿಯಲ್ಲಿಟ್ಟ ರಕ್ತದ ಟ್ಯೂಬು ಹತ್ತರ ಬಸ್ಸಿಗೆ ತಾಲೂಕು ಆಸ್ಪತ್ರೆಯ ಲ್ಯಾಬಿಗೆ ಹೋಯಿತು. ಕಂಡಕ್ಟರ್ ಆರಿಫ ಆ ಡಬ್ಬಿಯನ್ನು ಎಂದೂ ಕೆಳಗಿಡುವವನಲ್ಲ, ಅಲುಗೀತೆಂದು ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಟಿಕೆಟ್ ಹರಿಯುತ್ತಾನೆ. ರಿಪೋರ್ಟ್ ಬರುವುದು ಮರುದಿನದ ಬಸ್ಸಿಗೆ, ಆ ಮರುದಿನ ಎರಡನೇ ಶನಿವಾರ, ರಜೆ. ಆಮೇಲೆ ಭಾನುವಾರ. ಅಂದು ಮಧ್ಯಾಹ್ನ ಸುನಂದಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ರಕ್ತ ನಿಲ್ಲಲಿಲ್ಲ. ವಿಜಯಪುರದ ದಾರಿಯಲ್ಲಿ ಅವಳು ಹೋದಳು, ಕೂಸು ಉಳಿಯಿತು.

ರಿಪೋರ್ಟ್ ಸೋಮವಾರ ಬಂತು. ಐದು ಪಾಯಿಂಟ್ ಎರಡು.

"ಎರಡ ಪಾಯಿಂಟ ಫರಕ್ರಿ," ಎನ್ನುತ್ತಾರೆ ವಿದ್ಯಾವತಿ, ಟವೆಲ್ ಹಿಂಡುತ್ತ. "ಅದನ್ನ ನೋಡಾಕ ಮೂರ ದಿನಾ ಬೇಕಾತು. ಸಾಹೇಬರದೊಬ್ಬರದ ತಪ್ಪ ಅನ್ನಂಗಿಲ್ಲ. ಮೊದಲ ನಂಬಿಕಿ ಕೆಡಿಸಿದಾಕಿ ನಾನ. ಊರು, ದವಾಖಾನಿ ಹೆಸರ ಹಾಕಬ್ಯಾಡ್ರಿ, ಅವರಿಗಿ ಬ್ಯಾಸರಾಗ್ತೈತಿ."

ಒಂಬತ್ತೂವರೆಗೆ ಅವರು ಚೀಟಿಗಳನ್ನು ಹಿಡಿದು ಆಸ್ಪತ್ರೆಯಲ್ಲಿದ್ದಾರೆ. ಜೊತೆಗೆ ಅಗರಖೇಡದಿಂದ ಹೆರಿಗೆಗೆಂದು ತವರಿಗೆ ಬಂದ ಹುಡುಗಿ, ಅವಳ ತಾಯಿ. ಹುಡುಗಿಯದು ಆರು ಪಾಯಿಂಟ್ ಒಂದು. ಸಾಹೇಬರು ಚೀಟಿ ನೋಡುತ್ತಾರೆ. ಮೊದಲಿಗಿಂತ ಹೆಚ್ಚು ಹೊತ್ತೇ ನೋಡುತ್ತಾರೆ. ಆದರೂ ಪೆನ್ನು ರೂಢಿಯ ದಾರಿಯನ್ನೇ ಹಿಡಿಯುತ್ತದೆ.

"ಲ್ಯಾಬಿಗೆ ಕಳಿಸ್ರಿ."

"ಹೌದ್ರಿ ಸರ್, ಕಳಿಸ್ತೇನಿ."

ಹತ್ತರ ಬಸ್ಸಿಗೆ ಟ್ಯೂಬಿನ ಡಬ್ಬಿ ಹತ್ತುತ್ತದೆ. ಅದರ ಹಿಂದೆಯೇ ಹುಡುಗಿಯೂ ತಾಯಿಯೂ ಹತ್ತುತ್ತಾರೆ. "ಡಬ್ಬಿ ಎಲ್ಲಿ ಇಳಿತೈತಿ, ನೀವೂ ಅಲ್ಲೇ ಇಳೀರಿ. ರಿಪೋರ್ಟ್ ಕೈಯಾಗ ಹಿಡಕೊಂಡು ಅಲ್ಲಿ ಡಾಕ್ಟರ್ ಬಾಯಾರ ಮುಂದ ಕುಂದರ್ರಿ, ಏಳಬ್ಯಾಡ್ರಿ," ಎನ್ನುತ್ತಾರೆ ವಿದ್ಯಾವತಿ. ಆರಿಫ ಕಿಟಕಿಯ ಬದಿಯ ಸೀಟು ಖಾಲಿ ಮಾಡಿಸುತ್ತಾನೆ.

ಸುನಂದಾ ಸತ್ತ ಮೇಲೆ ಹೀಗೆ ಟ್ಯೂಬಿನ ಜೊತೆ ಹೋದ ಬಸುರಿಯರು ಹನ್ನೊಂದು ಮಂದಿ, ಇವಳು ಹನ್ನೆರಡನೆಯವಳು. ಒಂಬತ್ತು ಮಂದಿಗೆ ಅಂದೇ ರಕ್ತ ಏರಿಸಿದರು. ಹನ್ನೊಂದು ಮಂದಿ ತಾಯಂದಿರೂ ಬದುಕಿ ಮನೆಯಲ್ಲಿದ್ದಾರೆ. ವೈದ್ಯರ ಸೂಚನೆಯಿಲ್ಲದೆ ರೋಗಿಯನ್ನು ಕಳಿಸಿದ್ದೇಕೆ ಎಂದು ವಿದ್ಯಾವತಿಗೆ ಬಂದ ನೋಟಿಸು ಎರಡು. ಶಾಭಾಸ್ ಅಂದವರು ಯಾರೂ ಇಲ್ಲ.

ಬರುವ ಮೇ ತಿಂಗಳಿಗೆ ನಿವೃತ್ತಿ. ಸನ್ಮಾನ, ಶಾಲು ಏನಾದರೂ ಆಸೆಯಿದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಲ್ಲುತ್ತಾರೆ.

"ನನಗ ಇನ್ನೊಂದ ನೋಟಿಸ್ ಬಂದ್ರ ಬರ್ಲಿ. ನನ್ನ ಜಾಗಾಕ್ಕ ಯಾವುದೋ ಹುಡುಗಿ ಬರ್ತಾಳ. ಆಕಿ ಚೀಟ್ಯಾಗ ಬರೆದ ನಂಬರ ಅವತ್ತಿಂದ ಅವತ್ತ ಓದಿ ನಂಬಿದ್ರ ಸಾಕ್ರಿ."